ಉಪ್ಪು ಬಡಿಸಿದ ತಾಟು

ಹೋಟೆಲಿನಲ್ಲಿ ಊಟಕ್ಕಿಂತ ಮೊದಲೇ ತಟ್ಟೆಯ ಅಂಚಿಗೆ ಒಂದು ಹೋಳು ನಿಂಬೆಹಣ್ಣು ಬಂದು ಕೂತರೆ ನನ್ನ ಕೈ ಈಗಲೂ ಒಂದು ಗಳಿಗೆ ತಡೆಯುತ್ತದೆ. ಮೊನ್ನೆ ಹ್ಯೂಸ್ಟನ್ನಿನ ಹಿಲ್‌ಕ್ರಾಫ್ಟ್ ರಸ್ತೆಯ ಒಂದು ಹೋಟೆಲಿನಲ್ಲಿ ಹಾಗೇ ಆಯಿತು. ಎದುರಿಗೆ ಕೂತಿದ್ದ ಮೈಸೂರಿನ ಗೆಳೆಯರು ಹುಳ ಬಿದ್ದಿದೆಯೇನೋ ಎಂದು ಬಗ್ಗಿ ನೋಡಿದರು. ಹುಳ ಬಿದ್ದಿರಲಿಲ್ಲ. ಅವರಿಗೆ ಅಲ್ಲಿ ಹೇಳಲಾಗದ್ದನ್ನು ನಿಮಗೆ ಇಲ್ಲಿ ಹೇಳುತ್ತೇನೆ. ದಾರಿ ಸ್ವಲ್ಪ ದೂರದ್ದು, ಆಗ ನಮ್ಮ ಮನೆಯಿದ್ದ ಕ್ಯಾರಲ್ಟನ್ನಿನಿಂದ ಆಸ್ಟಿನ್ನಿಗೆ ಮೂರೂವರೆ ಗಂಟೆ. ಕಾರಿನಲ್ಲಿ ಒಂದು ಸೀಟು ಖಾಲಿಯಿದೆ, ಬನ್ನಿ.

ಎರಡು ಸಾವಿರದ ಐದರ ಫೆಬ್ರವರಿ. ಮುಂದಿನ ಸೀಟಿನಲ್ಲಿ ನಮ್ಮ ಪಕ್ಕದ ಮನೆಯ ವಾಲ್ಟ್, ಎಪ್ಪತ್ತೊಂಬತ್ತು ವರ್ಷ, ಇಸ್ತ್ರಿ ಮಾಡಿದ ನೀಲಿ ಅಂಗಿ, ತೊಡೆಯ ಮೇಲೆ ಟೋಪಿ. ಹಿಂದಿನ ಸೀಟಿನಲ್ಲಿ ನಮ್ಮ ದೊಡ್ಡವ್ವ, ಅವಳ ಮಗ್ಗುಲಲ್ಲಿ ಸೀಟ್ ಬೆಲ್ಟ್ ಬಿಗಿದುಕೊಂಡು ಕೂತ ನಾಲ್ಕು ಅಂತಸ್ತಿನ ಸ್ಟೀಲ್ ಡಬ್ಬಿ. ಸ್ಟಿಯರಿಂಗ್ ಹಿಡಿದವನು ನಾನು. ವಾಲ್ಟ್ ಅವರ ಕಣ್ಣಿಗೆ ಪೊರೆ ಬಂದಿತ್ತು, ಹೈವೇಯಲ್ಲಿ ಡ್ರೈವ್ ಮಾಡುವುದನ್ನು ಬಿಟ್ಟಿದ್ದರು. ಎರಡನೇ ಮಹಾಯುದ್ಧದಲ್ಲಿ ಐವೊ ಜಿಮಾ ಎಂಬ ದ್ವೀಪಕ್ಕಾಗಿ ಕಾದಾಟ ನಡೆದು ಅರವತ್ತು ವರ್ಷ ತುಂಬಿತ್ತು. ಅಲ್ಲಿ ಕಾದಾಡಿ ಉಳಿದುಬಂದವರು ಆಸ್ಟಿನ್ನಿನ ಒಂದು ಸಭಾಂಗಣದಲ್ಲಿ ಸೇರಿ, ಸತ್ತವರ ಹೆಸರು ಓದಿ, ಒಟ್ಟಿಗೆ ಊಟ ಮಾಡುವವರಿದ್ದರು. ಪ್ರತಿಯೊಬ್ಬರೂ ಮನೆಯಿಂದ ಒಂದು ಪದಾರ್ಥ ತರಬೇಕು. ಇದನ್ನು ಕೇಳಿದ ಮೇಲೆ ದೊಡ್ಡವ್ವನನ್ನು ಮನೆಯಲ್ಲಿ ಕೂರಿಸಲು ನನ್ನಿಂದ ಹೇಗೆ ಸಾಧ್ಯ?

ದೊಡ್ಡವ್ವ ಧಾರವಾಡದಲ್ಲಿ ಮೂವತ್ತು ವರ್ಷ ಖಾನಾವಳಿ ನಡೆಸಿದವಳು. ಕಾಲೇಜು ಹುಡುಗರಿಗೆ ಎರಡು ಹೊತ್ತು ರೊಟ್ಟಿ, ಪಲ್ಯ, ಅನ್ನ, ಸಾರು. ರಜೆಯಲ್ಲಿ ನಾನು ಅವಳಲ್ಲಿಗೆ ಹೋದರೆ ನನಗೂ ಕೆಲಸ ಹಚ್ಚುತ್ತಿದ್ದಳು. ಮೊದಲು ತಾಟಿನ ಅಂಚಿಗೆ ಉಪ್ಪು, ಆಮೇಲೆ ನಿಂಬೆ ಹೋಳು, ಆಮೇಲೆ ಉಳಿದದ್ದು. ನನ್ನ ಕನ್ನಡದ ಅರ್ಧ ಅವಳ ಬಡಿಸುವ ಸಾಲಿನಲ್ಲಿ ಕಲಿತದ್ದು, ಇನ್ನರ್ಧ ಅವಳು ಬೈದದ್ದು. ಉಪ್ಪು ಹಾಕಿದ ತಾಟನ್ನು ಹಾಗೇ ಬಿಡುವುದೆಂದರೆ ಅವಳ ಲೆಕ್ಕದಲ್ಲಿ ಉಣ್ಣಲು ಕೂತವನ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಒಮ್ಮೆ ಉಪ್ಪು ಹಾಕಿ ನಾನು ಗೋಲಿ ಆಡಲು ಓಡಿಹೋಗಿದ್ದೆ. ಅವತ್ತು ಸಿಕ್ಕ ಬೈಗುಳದಲ್ಲಿ ಕೆಲವನ್ನು ಇಂದಿಗೂ ಬರೆಯುವ ಹಾಗಿಲ್ಲ.

ಕೆಲವು ತಿಂಗಳು ನಮ್ಮಲ್ಲಿರಲು ಅಮೆರಿಕಕ್ಕೆ ಬಂದಮೇಲೆ ಅವಳಿಗೂ ವಾಲ್ಟ್ ಅವರಿಗೂ ಬೇಲಿಯ ಮೇಲಿನ ಗೆಳೆತನ ಬೆಳೆದಿತ್ತು. ಇವಳಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು, ಆದರೂ ದಿನಾ ಅರ್ಧ ಗಂಟೆ ಮಾತು. ಅವರು ತಮ್ಮ ಹಿತ್ತಲಿನ, ಅಕ್ರೋಟಿನಂಥ ಪೀಕನ್ ಕಾಯಿಗಳನ್ನು ಬುಟ್ಟಿಯಲ್ಲಿ ಕೊಟ್ಟರು. ಇವಳು ಅವನ್ನು ಕುಟ್ಟಿ, ಶೇಂಗಾ ಚಟ್ನಿಪುಡಿಯ ಹದಕ್ಕೆ ತಂದು, ಅದೇ ಬುಟ್ಟಿಯಲ್ಲಿ ವಾಪಸು ಕೊಟ್ಟಳು. ಅವರು ಅದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು ಕಣ್ಣೀರು ಒರೆಸಿಕೊಂಡರು, ಇನ್ನಷ್ಟು ಬೇಕೆಂದರು.

ಆ ದಿನ ಕಾರಿನಲ್ಲಿ ಮಾತ್ರ ವಾಲ್ಟ್ ಅವರ ಬಾಯಿ ಕಟ್ಟಿತ್ತು. ವೇಕೋ ಊರಿನ ಹತ್ತಿರ ಕಾಫಿಗೆಂದು ನಿಲ್ಲಿಸಿದಾಗ ಕಪ್ಪಿನ ಮುಚ್ಚಳವನ್ನು ತೆಗೆಯುತ್ತಾ ಹಾಕುತ್ತಾ ಶುರು ಮಾಡಿದರು. ಅವರ ಜೊತೆಗೊಬ್ಬ ಗೆಳೆಯನಿದ್ದ, ರಾಯ್ ಅಂತ. ಇಬ್ಬರಿಗೂ ಹತ್ತೊಂಬತ್ತು. ದ್ವೀಪಕ್ಕೆ ಇಳಿಯುವ ದಿನ ಬೆಳಿಗ್ಗೆ ಹಡಗಿನಲ್ಲಿ ಎಲ್ಲರಿಗೂ ಹಬ್ಬದ ಊಟ ಕೊಟ್ಟರಂತೆ, ಮಾಂಸ, ಮೊಟ್ಟೆ. ರಾಯ್ ಒಂದು ತುತ್ತೂ ಮುಟ್ಟಲಿಲ್ಲ. ತನ್ನ ತಟ್ಟೆಯನ್ನು ಇವರ ಕಡೆಗೆ ತಳ್ಳಿದ. ಇವರು ಎರಡೂ ತಟ್ಟೆ ಬಳಿದು ತಿಂದರು. ಆಮೇಲೆ ಬಲೆಯ ಏಣಿ ಹಿಡಿದು ದೋಣಿಗೆ ಇಳಿದರು. ದಡದಲ್ಲಿ ಕಪ್ಪು ಮರಳು, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವಂಥದ್ದು. ಓಡಲು ಆಗುತ್ತಿರಲಿಲ್ಲ, ತೋಡಿಕೊಂಡು ಅಡಗಲೂ ಆಗುತ್ತಿರಲಿಲ್ಲ. ತೋಡಿದಷ್ಟೂ ಮರಳು ಜಾರಿ ಮತ್ತೆ ತುಂಬಿಕೊಳ್ಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ರಾಯ್ ಇರಲಿಲ್ಲ.

ಯುದ್ಧ ಮುಗಿದಮೇಲೆ ರಾಯ್‌ನ ತಾಯಿ ಇವರಿಗೊಂದು ಕಾಗದ ಬರೆದರಂತೆ. ಹೇಗೆ ಸತ್ತ, ಎಲ್ಲಿ ಗುಂಡು ಬಿತ್ತು, ಅದೊಂದನ್ನೂ ಕೇಳಿರಲಿಲ್ಲ. ಅವತ್ತು ಬೆಳಿಗ್ಗೆ ಏನಾದರೂ ತಿಂದಿದ್ದನೇ, ಇಷ್ಟೇ ಕೇಳಿದ್ದರು. ಚೆನ್ನಾಗಿ ತಿಂದ ಎಂದು ಇವರು ಉತ್ತರ ಬರೆದರು. ತಾಯಿ ಅದನ್ನು ನಂಬಿಕೊಂಡೇ ತೀರಿಹೋದರು. ಈಗ ಉಳಿದಿರುವುದು ರಾಯ್‌ನ ತಂಗಿ ರೂತ್, ಎಪ್ಪತ್ತು ದಾಟಿದವರು, ಆಸ್ಟಿನ್ನಿನ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ಮನೆ. ಇವತ್ತಿನ ಸಭೆಗೆ ಬರುತ್ತಾರೆ.

"ಇವತ್ತು ಅವಳಿಗೆ ನಿಜ ಹೇಳಬೇಕು," ಅಂದರು ವಾಲ್ಟ್. "ಹೇಳದೆ ವಾಪಸು ಬಂದರೆ ಮತ್ತೆ ಯಾವತ್ತೂ ಹೇಳಲಾರೆ."

ಕಾರು ಮತ್ತೆ ಹೈವೇ ಹಿಡಿದಾಗ ಹಿಂದಿನಿಂದ ದೊಡ್ಡವ್ವ, ಏನಂದರು ಅವರು ಎಂದು ಕೇಳಿದಳು. ಹೇಳಿದೆ. ದ್ವೀಪ ಎಷ್ಟು ದೊಡ್ಡದು ಎಂದಳು. ಧಾರವಾಡದಿಂದ ಹುಬ್ಬಳ್ಳಿ ಕಡೆ ಹೊರಟರೆ ನವಲೂರು ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ, ಅಷ್ಟು ಜಾಗಕ್ಕೆ ಒಂದು ತಿಂಗಳ ಮೇಲೆ ಹೊಡೆದಾಡಿದರು, ಎರಡೂ ಕಡೆಯಿಂದ ಸಾವಿರ ಸಾವಿರ ಜನ ಸತ್ತರು ಅಂದೆ. ಅವಳು ಕಿಟಕಿಯ ಹೊರಗೆ ನೋಡಿದಳು. ಒಂದು ಟ್ರಕ್ಕು ನಮ್ಮನ್ನು ದಾಟಿಹೋಯಿತು. ಆಮೇಲೆ ಒಂದೇ ಮಾತು ಕೇಳಿದಳು.

"ಹಸದಾ ಹೋದನೇನು ಹುಡುಗ?"

ಸಭಾಂಗಣ ದೊಡ್ಡದೇನಲ್ಲ. ಆದರೆ ಒಳಗೆ ಕಾಲಿಟ್ಟಾಗ ನನ್ನ ದನಿ ತಾನಾಗಿಯೇ ಇಳಿಯಿತು. ನಲವತ್ತೋ ಐವತ್ತೋ ಮುದುಕರು, ಕೆಲವರು ಗಾಲಿಕುರ್ಚಿಯಲ್ಲಿ, ಕೆಲವರ ಮೂಗಿಗೆ ಆಮ್ಲಜನಕದ ನಳಿಕೆ. ಬಾಗಿಲ ಬಳಿ ಗಾಜಿನ ಬಟ್ಟಲಲ್ಲಿ ಒಂದು ಹಿಡಿ ಕಪ್ಪು ಮರಳು ಇಟ್ಟಿದ್ದರು. ಜೋಕು ಹೊಡೆಯುತ್ತಾ, ಒಬ್ಬರ ಬೆನ್ನಿಗೊಬ್ಬರು ತಟ್ಟುತ್ತಾ ಬರುವವರು ಅದರ ಮುಂದೆ ಬಂದಕೂಡಲೇ ಸುಮ್ಮನಾಗಿ, ಒಂದು ಬೆರಳು ಅದ್ದಿ ಮುಂದೆ ಹೋಗುತ್ತಿದ್ದರು. ನಾನು ಎಷ್ಟೋ ಗುಡಿ ಸುತ್ತಿದವನು. ಅಂಥ ಮೌನವನ್ನು ಗರ್ಭಗುಡಿಯ ಮುಂದೆಯೂ ಅಷ್ಟಾಗಿ ಕಂಡವನಲ್ಲ. ವಾಲ್ಟ್ ಮಾತ್ರ ಬೆರಳು ಅದ್ದಲಿಲ್ಲ. ಬಟ್ಟಲನ್ನು ಸುತ್ತಿ ಆಚೆಯಿಂದ ಹೋದರು.

ರೂತ್ ಒಳಗೆ ಕಾದಿದ್ದರು. ಸಣ್ಣ ಮೈಕಟ್ಟು, ಬೆಳ್ಳಿ ಕೂದಲು. ವಾಲ್ಟ್ ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ಇಬ್ಬರೂ ಹವೆಯ ವಿಷಯ ಮಾತಾಡಿದರು, ಮೊಣಕಾಲಿನ ವಿಷಯ ಮಾತಾಡಿದರು. ಕಾಯುವುದು ನನ್ನಿಂದಾಗಲಿಲ್ಲ. ದೊಡ್ಡವ್ವನನ್ನು ಅಲ್ಲಿಯೇ ಕೂರಿಸಿ, ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಗಾಜಿನ ಪಾತ್ರೆಗೆ ಹಾಕಿ ಬಿಸಿ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ನಾನು ಮಾಡಿದ ತಪ್ಪು ಅದೇ. ಅತ್ತ ವೇದಿಕೆಯ ಮೇಲಿಂದ ಒಬ್ಬರು ಮೂಲೆಯ ಒಂದು ಪುಟ್ಟ ಮೇಜನ್ನು ತೋರಿಸಿ ಅದರ ಅರ್ಥ ಹೇಳುತ್ತಿದ್ದರಂತೆ. ನಾನು ಇತ್ತ ಮೈಕ್ರೋವೇವಿನ ಗುಂಡಿಗಳ ಜೊತೆ ಒದ್ದಾಡುತ್ತಿದ್ದೆ.

ಆ ಮೇಜು ತಿರುಗಿ ಬಾರದವರದು. ಇಲ್ಲಿನ ಸೈನಿಕರಲ್ಲಿ ಇದೊಂದು ಪದ್ಧತಿ: ಬಿಳಿ ಬಟ್ಟೆ, ಒಂದು ಕೆಂಪು ಗುಲಾಬಿ, ಮೇಜಿಗೆ ವಾಲಿಸಿಟ್ಟ ಖಾಲಿ ಕುರ್ಚಿ. ಬರಿದಾದ ತಟ್ಟೆಯ ಮೇಲೆ ಚಿಟಿಕೆ ಉಪ್ಪು, ಅದು ಮನೆಯವರ ಕಣ್ಣೀರು. ಪಕ್ಕದಲ್ಲಿ ಒಂದು ಹೋಳು ನಿಂಬೆಹಣ್ಣು, ಅದು ಅವರ ಪಾಲಿಗೆ ಬಂದ ಕಹಿ. ಲೋಟ ಬೋರಲು, ಕುಡಿಯಲು ಅವರಿಲ್ಲವಲ್ಲ. ಆ ಮೇಜನ್ನು ಯಾರೂ ಮುಟ್ಟುವುದಿಲ್ಲ.

ಇಷ್ಟೂ ಇಂಗ್ಲಿಷಿನಲ್ಲಿ ಹೇಳಿದ್ದು. ದೊಡ್ಡವ್ವನ ಕಣ್ಣಿಗೆ ಬಿದ್ದದ್ದು ಇಷ್ಟು: ತಾಟಿಗೆ ಉಪ್ಪು ಬಿದ್ದಿದೆ, ನಿಂಬೆ ಬಿದ್ದಿದೆ, ಬಡಿಸುವವರು ಎಲ್ಲೋ ಹೋಗಿಬಿಟ್ಟಿದ್ದಾರೆ.

ಚಿತ್ರಾನ್ನದ ಪಾತ್ರೆ ಹಿಡಿದು ನಾನು ಹೊರಗೆ ಬಂದಾಗ ಇಡೀ ಸಭಾಂಗಣ ಒಂದೇ ಕಡೆ ನೋಡುತ್ತಿತ್ತು. ದೊಡ್ಡವ್ವ ಸೆರಗು ಸಿಕ್ಕಿಸಿ, ಸೌಟು ಹಿಡಿದು ಆ ಮೇಜಿನ ಮುಂದೆ ನಿಂತಿದ್ದಳು. ತಟ್ಟೆಯಲ್ಲಿ ನಮ್ಮ ಡಬ್ಬಿಯ ಎರಡು ಶೇಂಗಾ ಹೋಳಿಗೆ, ಅವುಗಳ ಮೇಲೆ ತುಪ್ಪ. ಬೋರಲು ಲೋಟ ನೆಟ್ಟಗಾಗಿತ್ತು, ಅದರ ತುಂಬ ನೀರು. ವಾಲಿಸಿಟ್ಟಿದ್ದ ಕುರ್ಚಿಯನ್ನೂ ಸರಿಮಾಡಿದ್ದಳು. ನನ್ನನ್ನು ಕಂಡದ್ದೇ, "ಬಾ ಇಲ್ಲೆ, ಅನ್ನಾ ತಾ. ಉಪ್ಪು ಹಾಕಿ ಹಂಗ ಬಿಟ್ಟ ಹೋಗ್ಯಾರ ನೋಡು. ಯಾರದಿದು ತಾಟು?" ಅಂದಳು.

ಸಮವಸ್ತ್ರದ ಒಬ್ಬ ಮುದುಕರು ಕೋಲೂರಿಕೊಂಡು ಧಾವಿಸಿ ಬರುತ್ತಿದ್ದರು, ಮುಖ ಕೆಂಪಾಗಿತ್ತು. ನಾನು ಪಾತ್ರೆ ಹಿಡಿದುಕೊಂಡೇ ಸಾರಿ, ಸಾರಿ ಎನ್ನುತ್ತಾ ಹೋದೆ. ಅವಳ ಕಿವಿಯಲ್ಲಿ, ದೊಡ್ಡವ್ವ, ಇದು ಸತ್ತವರ ತಾಟು, ಇಲ್ಲಿ ಉಣ್ಣಲು ಯಾರೂ ಬರುವುದಿಲ್ಲ ಎಂದೆ. ಅವಳು ಸೌಟನ್ನು ಕೆಳಗಿಡಲಿಲ್ಲ.

"ಬರದವ್ರಿಗೇ ಅಲ್ಲೇನೋ ನಮ್ಮಲ್ಲಿ ಮೊದಲ ಎಡಿ ಹಿಡಿಯೂದು?"

ಹಿಂದೆ ಕುರ್ಚಿ ಸರಿದ ಸದ್ದು. ವಾಲ್ಟ್ ಎದ್ದು ಬಂದಿದ್ದರು. ಆಕೆ ಏನಂದರು ಎಂದು ಕೇಳಿದರು. ನಾನು ತಡವರಿಸುತ್ತಾ ಇಂಗ್ಲಿಷಿಗೆ ತಿರುಗಿಸಿದೆ. ಕೋಲಿನವರೂ ಕೇಳಿಸಿಕೊಂಡರು, ನಿಂತರು. ವಾಲ್ಟ್ ಆ ತಟ್ಟೆಯನ್ನೇ ನೋಡುತ್ತಿದ್ದರು. ಆಮೇಲೆ ರೂತ್ ಕಡೆ ತಿರುಗಿದರು. ಸಭೆಯಿದೆ, ಜನರಿದ್ದಾರೆ ಎಂಬ ಪರಿವೆಯೇ ಅವರಿಗೆ ಇದ್ದ ಹಾಗೆ ಕಾಣಲಿಲ್ಲ.

"ರೂತ್, ನಾನು ನಿಮ್ಮ ತಾಯಿಗೆ ಸುಳ್ಳು ಬರೆದೆ. ಅವತ್ತು ಬೆಳಿಗ್ಗೆ ಅವನು ತಿನ್ನಲಿಲ್ಲ. ಅವನ ಪಾಲನ್ನು ನಾನು ತಿಂದೆ."

ರೂತ್ ಕೂತಲ್ಲಿಂದ ಏಳಲಿಲ್ಲ. ಏನು ಕೊಟ್ಟಿದ್ದರು ಎಂದು ಕೇಳಿದರು. ಮಾಂಸ ಮತ್ತು ಮೊಟ್ಟೆ ಅಂದರು ವಾಲ್ಟ್. ಆ ಮುದುಕಿಯ ಮುಖದಲ್ಲಿ ಆಗ ಬಂದದ್ದನ್ನು ನಗು ಅನ್ನಲೋ ಬೇಡವೋ ನನಗೆ ಗೊತ್ತಿಲ್ಲ.

"ಮೊಟ್ಟೆ ಅವನಿಗೆ ಸೇರುತ್ತಲೇ ಇರಲಿಲ್ಲ. ಅಮ್ಮ ಬೆನ್ನು ತಿರುಗಿಸಿದರೆ ಸಾಕು, ನನ್ನ ತಟ್ಟೆಗೆ ತಳ್ಳುತ್ತಿದ್ದ. ನಾನು ತಿನ್ನುತ್ತಿದ್ದೆ. ಅಮ್ಮನಿಗೆ ನಾನೂ ಹೇಳಿರಲಿಲ್ಲ, ವಾಲ್ಟ್."

ವಾಲ್ಟ್ ಹತ್ತಿರದ ಕುರ್ಚಿಯಲ್ಲಿ ಕುಸಿದು ಕೂತರು. ಅದು ಆ ಖಾಲಿ ಕುರ್ಚಿ. ಯಾರೂ ಏಳಿ ಎನ್ನಲಿಲ್ಲ. ಕೋಲಿನವರು ಟೋಪಿ ತೆಗೆದರು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತೆಗೆದರು. ಎದ್ದು ನಿಲ್ಲಲಾಗದವರೂ ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. ಅಷ್ಟು ಜನ ಮುದುಕರು, ಅಷ್ಟು ದೊಡ್ಡ ಸಾವನ್ನು ಕಣ್ಣಿಂದ ನೋಡಿ ಬಂದವರು, ಎರಡು ಹೋಳಿಗೆಯ ಮುಂದೆ ಬರಿದಲೆಯಲ್ಲಿ ನಿಂತಿದ್ದರು. ನನ್ನ ಕೈಯಲ್ಲಿ ಬಿಸಿ ಪಾತ್ರೆ ಸುಡುತ್ತಿತ್ತು, ಇಳಿಸಬೇಕೆಂದು ಹೊಳೆಯಲೇ ಇಲ್ಲ. ದೊಡ್ಡವ್ವನೇ ಅದನ್ನು ಈಸಿಕೊಂಡು ತಟ್ಟೆಗೆ ಒಂದು ಸೌಟು ಚಿತ್ರಾನ್ನ ಹಾಕಿದಳು. ಆಮೇಲೆ ಹೆಸರುಗಳನ್ನು ಓದಿದರು. ರಾಯ್ ಹೆಸರನ್ನು ವಾಲ್ಟ್ ಓದಿದರು. ಹೊರಡುವಾಗ ಬಾಗಿಲ ಬಳಿಯ ಬಟ್ಟಲಿಗೆ ಬೆರಳು ಅದ್ದಿದರು.

ಬೇಸಿಗೆ ಕಳೆಯುವ ಮೊದಲೇ ದೊಡ್ಡವ್ವ ಧಾರವಾಡಕ್ಕೆ ಮರಳಿದಳು. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಅವಳ ಫೋನು ಬಂತು. ಹಿರಿಯರಿಗೆ ಎಡೆ ಹಿಡಿದು ಆಗಿತ್ತು. ಮಾವನವರಿಗೆ, ಅತ್ತೆಗೆ, ದೊಡ್ಡಪ್ಪನಿಗೆ ಎಂದು ಒಂದೊಂದೇ ಹೆಸರು ಹೇಳಿ, ಕೊನೆಗೆ ರಾಯಪ್ಪನಿಗೂ ಒಂದು ಎಡೆ ಹಿಡಿದೆ ಅಂದಳು. ಯಾವ ರಾಯಪ್ಪ ಎಂದು ಒಂದು ಕ್ಷಣ ನನಗೆ ತಿಳಿಯಲಿಲ್ಲ. "ಅವನೋ, ನಿನ್ನ ಬಾಜೂ ಮನಿಯವ್ರ ಗೆಳೆಯಾ. ಮೊಟ್ಟಿ ಒಲ್ಲೆ ಅಂತಿದ್ದನಲ್ಲ, ನಮ್ಮ ಮನ್ಯಾಗ ಅವಗ ತ್ರಾಸಿಲ್ಲ ಬಿಡು," ಅಂದಳು. ಯುದ್ಧದಲ್ಲಿ ಎದುರು ಕಡೆ ಸತ್ತವರ ಹೆಸರು ಗೊತ್ತಿಲ್ಲದ್ದರಿಂದ ಅವರೆಲ್ಲರಿಗೂ ಸೇರಿಸಿ ಇನ್ನೊಂದು ಹಿಡಿದಿದ್ದಳಂತೆ.

ನಾನು ಹಿತ್ತಲಿಗೆ ಹೋದೆ. ವಾಲ್ಟ್ ಹುಲ್ಲಿಗೆ ನೀರು ಬಿಡುತ್ತಿದ್ದರು. ಬೇಲಿಯ ಈಚೆಯಿಂದ ವಿಷಯ ಹೇಳಿದೆ. ಅವರು ಪೈಪನ್ನು ಹರಿಯುತ್ತಿರುವಂತೆಯೇ ಹುಲ್ಲಿನ ಮೇಲೆ ಬಿಟ್ಟು, ರೂತ್‌ಗೆ ಫೋನ್ ಮಾಡಲು ಒಳಗೆ ಹೋದರು.