ವಿಭೂತಿಯ ಮುಖಕ್ಕೆ ಬೆಳಕು

ಬಸವಲಿಂಗಯ್ಯನಿಗೆ ಫೋಟೋದ ಹುಚ್ಚು ಹಿಡಿದದ್ದು ಒಂದು ಹೆಣದಿಂದ. ಮೂಗು ಮುರಿಯಬೇಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಬೀದರ ಕಡೆಯ ಇವನು ಕಾಶಿಯ ನಮ್ಮ ಮಠದಲ್ಲಿ ಉಗ್ರಾಣ ನೋಡಿಕೊಂಡಿದ್ದ. ಯಾತ್ರೆಗೆ ಬಂದ ಮುದುಕರು ಮಠದಲ್ಲೇ ಲಿಂಗೈಕ್ಯರಾಗುವುದುಂಟು. ಊರೆಲ್ಲ ಸುಡುವ ಕಾಶಿಯಲ್ಲೂ ನಮ್ಮವರು ಹೂಳುವುದೇ. ಅದಕ್ಕೆ ಮೊದಲು ಮೀಯಿಸಿ, ಹಣೆ ಕೆನ್ನೆಗೆಲ್ಲ ವಿಭೂತಿ ಬಳಿದು, ಹೂ ಏರಿಸಿ, ಗೋಡೆಗೆ ಆನಿಸಿ ಕೂರಿಸುತ್ತಾರೆ. ಬರಲಾಗದ ಮಕ್ಕಳಿಗಾಗಿ ಒಂದು ಫೋಟೋ ಬೇಕು. ಆ ಕೆಲಸ ಇವನ ಕೊರಳಿಗೆ ಬಿತ್ತು, ಯಾಕೆಂದರೆ ಕಾಶಿಯಲ್ಲೇ ಭೇಲೂಪುರದಲ್ಲಿದ್ದ ಜಯತೀರ್ಥ ಡಾಕ್ಟರು ಊರಿಗೆ ಮರಳುವಾಗ ತಮ್ಮ ಹಳೆಯ ರೀಲು ಕ್ಯಾಮೆರಾವನ್ನು ಇವನಿಗೆ ಕೊಟ್ಟು ಹೋಗಿದ್ದರು.

೨೦೦೩ರ ಚಳಿಗಾಲದಲ್ಲಿ ಸಂಗಮ್ಮ ಎಂಬ ಅಜ್ಜಿ ತೀರಿಕೊಂಡಳು. ಮಗಳು ವೀರಮ್ಮ ಹೊರಟಿದ್ದ ರೈಲು ಮಂಜಿಗೆ ಸಿಕ್ಕಿ ದಿನವೆಲ್ಲ ತಡವಾಯಿತು. ಕಾದು ಕಾದು ಹೂಳಿಬಿಟ್ಟರು. ಬಸವಲಿಂಗಯ್ಯ ಕತ್ತಲ ಕೋಣೆಯಲ್ಲಿ ಫ್ಲ್ಯಾಶ್ ಹೊಡೆದು ಫೋಟೋ ತೆಗೆದು ಅವತ್ತೇ ತೊಳೆಸಿ ತಂದಿದ್ದ. ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದು ಓಡೋಡಿ ಬಂದ ವೀರಮ್ಮನ ಕೈಗೆ ಅದನ್ನು ಇಟ್ಟ. ಹೂವಿನ ರಾಶಿ, ಅದರ ಮೇಲೊಂದು ಬಿಳಿ ತೇಪೆ. ಕಣ್ಣಿಲ್ಲ, ಮೂಗಿಲ್ಲ.

"ನಮ್ಮವ್ವನ ಮಾರಿ ಎಲ್ಲಿ ಅದರಿ, ಅಯ್ಯನೋರ?" ಎಂದಳು. ಬೈಯಲಿಲ್ಲ. ನಾಲ್ಕು ಬೈದಿದ್ದರೆ ಅವನು ಅವತ್ತಾದರೂ ನಿದ್ದೆ ಮಾಡುತ್ತಿದ್ದ.

ಮರುದಿನ ಸೋನಾರ್‌ಪುರದ ಸ್ಟುಡಿಯೋಗೆ ಹೋದ. ಅಲ್ಲಿಯ ರಘುನಾಥ ಚಿತ್ರ ನೋಡಿ ನಕ್ಕುಬಿಟ್ಟ. "ಅರೇ ಭಯ್ಯಾ, ಭಭೂತ್ ಪರ್ ಸೀಧಾ ಫ್ಲ್ಯಾಶ್ ಮಾರೋಗೇ ತೋ ಯಹೀ ಹೋಗಾ!" ವಿಭೂತಿಯೇ ಬಿಳಿ, ಅದರ ಮೇಲೆ ಮಿಂಚು ಬಿದ್ದರೆ ಮುಖ ಉಳಿದೀತೇ? ಬೆಳಕನ್ನು ಎದುರಿನಿಂದ ಎರಚಬಾರದು, ಪಕ್ಕದಿಂದ ಸವರಬೇಕು ಎಂದು ಹೇಳಿಕೊಟ್ಟ. ಇನ್ನೊಬ್ಬ ಮಗಳು ತನ್ನನ್ನು ಆ ಮಾತು ಕೇಳಬಾರದು ಎಂದು ಬಸವಲಿಂಗಯ್ಯ ಹಟ ಹಿಡಿದ.

ಕಲಿಯಲಿಕ್ಕೆ ಒಂದು ಮುಖ ಬೇಕಲ್ಲ, ಸಿಕ್ಕವಳು ಹೆಂಡತಿ ನೀಲಾ. ಮುಖಕ್ಕೆಲ್ಲ ವಿಭೂತಿ ಬಳಿದು ಅವಳನ್ನು ಗೋಡೆಗೆ ಆನಿಸಿ ಕೂರಿಸುತ್ತಿದ್ದ. ಬೆಳಿಗ್ಗೆ ಒಂಬತ್ತರ ಬೆಳಕು ಅಂಗಳದ ಗೋಡೆಗೆ ಬಡಿದು ಮೆತ್ತಗೆ ಒಳಗೆ ಬರುತ್ತದೆ, ಮಧ್ಯಾಹ್ನದ್ದು ಕಣ್ಣಗುಳಿಯಲ್ಲಿ ಮಸಿ ತುಂಬುತ್ತದೆ, ಕತ್ತಲಿರುವ ಕೆನ್ನೆಯ ಕಡೆ ಬಿಳಿ ಧೋತರ ಹಿಡಿದರೆ ಅದಕ್ಕೂ ಜೀವ ಬರುತ್ತದೆ. ಒಂದೊಂದಾಗಿ ಗೊತ್ತಾಯಿತು. ಆದರೆ ಫ್ಲ್ಯಾಶ್ ಬಿಟ್ಟ ಮೇಲೆ ಕ್ಯಾಮೆರಾದ ಕಣ್ಣು ತುಸು ಹೊತ್ತು ತೆರೆದೇ ಇರಬೇಕು, ನೀಲಾ ರೆಪ್ಪೆ ಬಡಿದರೆ ಚಿತ್ರ ಕಲಸಿಹೋಗುತ್ತಿತ್ತು.

"ಕಣ್ಣ ಮುಚ್ಚ. ಸತ್ತವರೇನ್ ಕಣ್ಣ ಬಿಟ್ಟಿರ್ತಾರೇನು?"

"ಅಯ್ಯ ಶಿವನ! ಜೀವಂತ ಇದ್ದಾಕಿನ್ನ ಹೆಣಾ ಮಾಡಿ ಕೂಡಸ್ತಿಯಲ್ಲೋ ಮಾರಾಯಾ," ಎಂದು ನಗುತ್ತಲೇ ಮುಚ್ಚುತ್ತಿದ್ದಳು.

ವಿದ್ಯೆ ಕೈಗೆ ಹತ್ತಿತು. ಎರಡು ವರ್ಷದಲ್ಲಿ ಬಸವಲಿಂಗಯ್ಯ ತೆಗೆದ ಹೆಣದ ಮುಖದಲ್ಲಿ ಸುಕ್ಕು, ಮಚ್ಚೆ, ತುಟಿಯ ವಾರೆ ಎಲ್ಲ ಇರುತ್ತಿದ್ದವು. ಕಲಬುರಗಿ, ಬಾಗಲಕೋಟೆಯ ಮನೆಗಳಲ್ಲಿ ಅವಕ್ಕೆ ಕಟ್ಟು ಹಾಕಿಸಿದರು. ಹೊಗಳಿ ಪತ್ರ ಬಂದಾಗ ಇವನು ಉಬ್ಬುತ್ತಿದ್ದ, ಉಬ್ಬಲಿ ಬಿಡಿ, ಪಾಪ.

೨೦೦೫ರ ಭಾದ್ರಪದದಲ್ಲಿ ನೀಲಾಗೆ ಕಾಮಾಲೆಯಾಯಿತು. ಹನ್ನೆರಡೇ ದಿನಕ್ಕೆ ಹೋದಳು. ಇನ್ನೂ ಮೂವತ್ತೊಂದು ವಯಸ್ಸು, ಹೊಟ್ಟೆ ಉರಿಯುತ್ತದೆ. ಅವಳನ್ನು ಒಂಬತ್ತರ ಬೆಳಕಿಗೆ ಇವನೇ ಕೂರಿಸಿದ, ಬೇರೆ ಹೆಣಗಳಿಗೆ ಅವಳೇ ಹಿಡಿಯುತ್ತಿದ್ದ ಧೋತರವನ್ನು ಇನ್ನೊಬ್ಬರು ಹಿಡಿದರು.

ಹೂಳಿದ ನಾಲ್ಕನೆಯ ದಿನ ಅತ್ತೆ, ನೀಲಾಳ ತಾಯಿ, ಬಂದಳು. ಆ ಫೋಟೋವನ್ನು ತುಂಬ ಹೊತ್ತು ನೋಡಿದಳು. "ಛಲೋ ಅದಪ್ಪಾ. ಆದ್ರ ಇದ್ರಾಗ ಹೋಗ್ಯಾಳ. ಗ್ವಾಡಿಗಿ ಹಾಕ್ಲಿಕ್ಕ ಕಣ್ಣ ಬಿಟ್ಟಿದ್ದೊಂದು ಕೊಡು."

ಅವರ ಮದುವೆ ಸಾಮೂಹಿಕ ಲಗ್ನದಲ್ಲಿ ಆದದ್ದು. ಆ ಫೋಟೋದಲ್ಲಿ ನಲವತ್ತು ಜೋಡಿ, ನೀಲಾ ತಲೆ ತಗ್ಗಿಸಿದ್ದಾಳೆ. ಬಸವಲಿಂಗಯ್ಯ ಟ್ರಂಕು ತೆಗೆದು ತನ್ನ ಫೋಟೋಗಳನ್ನೆಲ್ಲ ಚಾಪೆಯ ಮೇಲೆ ಸುರಿದ. ಎರಡು ವರ್ಷ ತೆಗೆದ ನೀಲಾಳ ಚಿತ್ರಗಳು, ಎಂಬತ್ತಕ್ಕೂ ಹೆಚ್ಚು. ಒಂದರಲ್ಲೂ ಬೆಳಕು ತಪ್ಪಿರಲಿಲ್ಲ. ಅತ್ತೆ ಒಂದೊಂದನ್ನೇ ಎತ್ತಿ ನೋಡಿ ಕೆಳಗಿಟ್ಟಳು, ಕೊನೆಯದನ್ನೂ ಇಟ್ಟಳು.

"ಒಂದರೊಳಗೂ ನೋಡ್ಲಿಕತ್ತಿಲ್ಲಲ್ಲಪ್ಪಾ ನನ್ನ ಕೂಸು?"

"ಇಲ್ಲರಿ ಅತ್ತಿ," ಎಂದ ಬಸವಲಿಂಗಯ್ಯ. "ನಾನಽ ಮುಚ್ಚ ಅಂದಿದ್ದೆ."