ಅಂಕಿತಕ್ಕೆ ಮುಂಚಿನ ಹನ್ನೊಂದು ಸೆಕೆಂಡು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಜೇವರ್ಗಿಯಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ, ಹಾರ್ಮೋನಿಯಂ, ಶ್ರುತಿ ಪೆಟ್ಟಿಗೆ, ಮೈಕು, ಫೋನು ಎಲ್ಲವನ್ನೂ ಮುಂದಿಟ್ಟುಕೊಂಡು ಕುಳಿತಿದ್ದೆ. ಗುರುವಾರ ಅಕ್ಕನ ಗಂಟಲಿನ ಆಪರೇಷನ್. ಧ್ವನಿತಂತುವಿನ ಮೇಲೆ ಬೆಳೆದಿದ್ದ ಗಂಟನ್ನು ತೆಗೆಯಲೇಬೇಕೆಂದು ಕಲಬುರಗಿಯ ವೈದ್ಯರು ಹೇಳಿದ್ದರು. ಮಾತು ಉಳಿಯುತ್ತದೆ, ಹಾಡಿನ ವಿಷಯ ಹೇಳಲಾರೆ ಎಂದೂ ಹೇಳಿದ್ದರು. ಅಲ್ಲಿಯವರೆಗೆ ಮಾತು ಕಡಿಮೆ ಮಾಡಬೇಕಿತ್ತು. ಅಕ್ಕ ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತಲೇ ನನ್ನ ತೋಳು ಹಿಡಿದು ಹೇಳಿದಳು.

"ಐತವಾರ ಬಾ. ನಿನ್ನ ರೆಕಾರ್ಡು ಮಾಡೋ ಡಬ್ಬಿ ತಗೊಂಡು ಬಾ. ಅವ್ವನ ಪದ ಹಾಡ್ತೇನಿ, ಒಮ್ಮೆ. ಆಮ್ಯಾಲ ಬಾಯಿ ಮುಚಗೊಂಡು ಕುಂದರ್ತೇನಿ."

ಅವ್ವನ ಪದವೆಂದರೆ ಐದು ನುಡಿಯ ಒಂದು ತತ್ವಪದ. ಅವ್ವ ಅದನ್ನು ತವರಿನ ಭಜನೆಯವರಿಂದ ಕಲಿತಿದ್ದಳು, ಅಕ್ಕನಿಗೆ ಕಲಿಸಿದ್ದಳು. ಯಾವ ಪುಸ್ತಕದಲ್ಲೂ ನಾನು ಅದನ್ನು ಕಂಡಿಲ್ಲ. ಅದರ ಧಾಟಿ ಪೂರ್ತಿ ಗೊತ್ತಿರುವುದು ಈಗ ಅಕ್ಕನಿಗೆ ಮಾತ್ರ. ನನಗೆ ಬರುವುದು ಹಿಮ್ಮೇಳದವನಿಗೆ ಬರುವಷ್ಟು, ಮುಂದಿನವರು ಹಾಡಿದ ಮೇಲೆ ಅದನ್ನೇ ಹಿಂತಿರುಗಿಸುವಷ್ಟು.

ಒಂದು ಕಾಲಕ್ಕೆ ಅದು ಕ್ಯಾಸೆಟ್ಟಿನಲ್ಲಿತ್ತು. ಆಳಂದ ತಾಲ್ಲೂಕಿನಲ್ಲಿ ಕಡಗಂಚಿಯಿಂದ ಗಂಟೆ ಹೊತ್ತು ನಡೆದರೆ ನಮ್ಮೂರು. ಅಪ್ಪ ಟೇಪ್ ರೆಕಾರ್ಡರ್ ತಂದಾಗ ಅಕ್ಕನಿಗೆ ಹದಿನೇಳು, ನನಗೆ ಹನ್ನೆರಡು. ಕರೆಂಟು ನಂಬುವಂತಿರಲಿಲ್ಲ, ಸೆಲ್ಲು ಹಾಕಿ ರೆಕಾರ್ಡು ಮಾಡುತ್ತಿದ್ದೆವು. ಸೆಲ್ಲು ಇಳಿದಾಗ ಟೇಪು ನಿಧಾನ ತಿರುಗುತ್ತಿತ್ತು. ಆಮೇಲೆ ಹೊಸ ಸೆಲ್ಲು ಹಾಕಿ ಕೇಳಿದರೆ ಅಕ್ಕನ ದನಿ ಏಳು ವರ್ಷದ ಹುಡುಗಿಯ ದನಿಯಾಗಿ ಬರುತ್ತಿತ್ತು. ಅವಳು ಬಿದ್ದು ಬಿದ್ದು ನಗುತ್ತಿದ್ದಳು, ನನಗೆ ಸಿಟ್ಟು ಬರುತ್ತಿತ್ತು.

ಅವಳು ಜೇವರ್ಗಿಗೆ ಮದುವೆಯಾಗಿ ಬಂದಳು. ನಾನು ಅಫಜಲಪುರದಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಹಾಕಿದೆ. ಸೊನ್ನ ಬ್ಯಾರೇಜಿನ ಕಡೆಯ ಹೊಳೆಯ ಪಂಪು ಸುಟ್ಟರೆ ಈಗಲೂ ನನ್ನಲ್ಲಿಗೇ ಬರುತ್ತದೆ. ಎರಡು ಕ್ಯಾಸೆಟ್ಟಿನ ಡೆಕ್ಕು ಕೊಂಡ ವಾರವೇ ಅಕ್ಕನ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಮಾಡಲು ಹೋದೆ. ಖಾಲಿ ಕ್ಯಾಸೆಟ್ಟನ್ನು ಹಾಡುವ ಕಡೆಗೆ, ಅವಳದನ್ನು ತುಂಬುವ ಕಡೆಗೆ ಹಾಕಿ ಗುಂಡಿ ಒತ್ತಿದೆ. ಹೊರಗೆ ಗಿರಾಕಿ ಕರೆದ, ಎದ್ದು ಹೋದೆ. ತಿರುಗಿ ಬರುವಷ್ಟರಲ್ಲಿ ಒಂದು ಮಗ್ಗಲು ಪೂರ್ತಿ ಖಾಲಿಯಾಗಿತ್ತು. ಇದನ್ನು ಅಕ್ಕನಿಗೆ ಹೇಳಲು ನನಗೆ ನಾಲ್ಕು ವರ್ಷ ಹಿಡಿಯಿತು. "ನಿನ್ನ ಹೆಂಡ್ತಿ ಯಾವತ್ತೋ ಹೇಳ್ಯಾಳ. ನೀ ಯಾವಾಗ ಹೇಳ್ತಿ ಅಂತ ನೋಡಾಕತ್ತಿದ್ದೆ" ಅಂದಳು.

ಡೆಕ್ಕು ಹೋಗಿ ಕಂಪ್ಯೂಟರು ಬಂತು, ಸಿ.ಡಿ. ಬಂತು, ಬೆರಳುಗಾತ್ರದ ರೆಕಾರ್ಡರು ಬಂತು. ಪ್ರತಿಯೊಂದನ್ನೂ ಕೊಂಡೆ, ಕಲಿತೆ. ಕಲಿಯುವಷ್ಟರಲ್ಲಿ ಅದು ಹಳೆಯದಾಗುತ್ತಿತ್ತು. ಯಂತ್ರ ಬದಲಾದಂತೆ ಹಾಡುವುದು ಕಡಿಮೆಯಾಯಿತು. ಕೊನೆಗೆ ಹಾರ್ಮೋನಿಯಂ ಅಟ್ಟ ಸೇರಿತು. ಇಪ್ಪತ್ತು ವರ್ಷದ ಮೇಲೆ ಕಳೆದ ತಿಂಗಳು ಅದನ್ನು ಇಳಿಸಿ ತಿದಿಗೆ ತೇಪೆ ಹಾಕಿಸಿದೆ.

ಆ ಭಾನುವಾರ ಮೊದಲ ತಪ್ಪು ಮಾಡಿದ್ದು ನಾನೇ. ಈಗ ಒಬ್ಬೊಬ್ಬರ ದನಿಯನ್ನು ಬೇರೆ ಬೇರೆ ಹಿಡಿದು ಆಮೇಲೆ ಕೂಡಿಸುತ್ತಾರೆಂದು ಫೋನಿನಲ್ಲಿ ನೋಡಿ ಕಲಿತಿದ್ದೆ. ಸುರುಳಿ ಸುರುಳಿಯಾಗಿ ತಂತಿ ಸುತ್ತುವ ನನಗೆ ಆ ಪದ್ಧತಿ ಬಹಳ ಹಿಡಿಸಿತ್ತು. ಅಕ್ಕನ ಕಿವಿಗೆ ಇಯರ್‌ಫೋನು ಇಟ್ಟೆ. ಅದರಲ್ಲಿ ಶ್ರುತಿಯೂ ತಾಳದ ಟಿಕ್ ಟಿಕ್ಕೂ ಕೇಳುತ್ತಿದ್ದವು. ಅವಳು ಪಲ್ಲವಿಯ ಮೊದಲ ಸಾಲು ಹಾಡಿ ನಿಂತಳು. ಮುಂದೆ ಹಾಡು ಎಂದು ಕೈ ಮಾಡಿದೆ. ಎರಡನೆಯ ಸಾಲು ಹಾಡಿದಳು, ಮತ್ತೆ ನಿಂತಳು.

"ಯಾಕಲೇ ಸುಮ್ಮ ಕುಂತಿ? ಎತ್ತಕೋ."

"ನಂದು ಆಮ್ಯಾಲ ಹಾಕ್ತೇನಿ ಯಕ್ಕಾ. ಮೊದಲ ನಿಂದಷ್ಟ ಆಗ್ಲಿ."

"ಆಮ್ಯಾಲ? ಈಗ ನಾ ಯಾರಿಗಿ ಹಾಡ್ಲಿ, ಗ್ವಾಡಿಗೇನು?" ಎಂದು ಎದುರಿನ ಗೋಡೆಗೆ ಕೈ ತೋರಿಸಿದಳು.

ಇನ್ನೂ ಎರಡು ಸಲ ಪ್ರಯತ್ನಿಸಿದೆವು. ಆಗಲಿಲ್ಲ. ಹಿಮ್ಮೇಳ ಸಾಲನ್ನು ಎತ್ತಿಕೊಳ್ಳುವ ಹೊತ್ತಿನಲ್ಲೇ ಅವಳು ಉಸಿರು ತೆಗೆದುಕೊಂಡು ಬೆಳೆದವಳು. ಎದುರಿನಿಂದ ಸಾಲು ತಿರುಗಿ ಬಾರದಿದ್ದರೆ ಅವಳಿಗೆ ಮುಂದಿನ ಸಾಲೇ ನೆನಪಿಗೆ ಬರುತ್ತಿರಲಿಲ್ಲ. ಇದು ನನಗೆ ಗೊತ್ತಿರಬೇಕಿತ್ತು. ಅವಳ ಗಂಟಲಿನ ಐದು ನಿಮಿಷವನ್ನು ನಾನು ಅಲ್ಲಿ ಹಾಳು ಮಾಡಿದೆ.

ಇಯರ್‌ಫೋನು ತೆಗೆಸಿದೆ. ಹಳೆಯ ರೀತಿಯಲ್ಲೇ ಒಂದೇ ಮೈಕಿಗೆ ಇಬ್ಬರೂ ಕುಳಿತೆವು. ಅವಳು ಒಂದು ಗೇಣು ದೂರದಲ್ಲಿ, ನಾನು ಒಂದು ಮೊಳ ಹಿಂದೆ. ಅಕ್ಕನ ಸೊಸೆ ಅಡುಗೆಮನೆಯಿಂದ ಇಣುಕಿದಳು. ಯಡ್ರಾಮಿ ಕಡೆಯ ಹೆಣ್ಣುಮಗಳು, ಮಾತು ಕಡಿಮೆ.

"ಮಾವಾರ, ಫ್ಯಾನು ಬಂದ್ ಮಾಡೇನ್ರಿ. ಫ್ರಿಜ್ಜೂ ಮಾಡ್ಲೇನ್ರಿ?"

"ಮಾಡವಾ."

ಅಕ್ಕ ಹಾಡಿದಳು. ಮೂರನೆಯ ನುಡಿಯಲ್ಲಿ ದನಿ ಒಡೆಯಿತು, ಅವಳು ಅದನ್ನು ದಾಟಿಕೊಂಡು ಹೋದಳು. ಐದನೆಯ ನುಡಿಯ ಕೊನೆಗೆ ಅಂಕಿತದ ಸಾಲು ಬಂತು. ಪದ ಬರೆದವರು ತಮ್ಮ ಗುರುವಿನ ಹೆಸರಿಟ್ಟ ಸಾಲು ಅದು. ನಮ್ಮ ಕಡೆ ಪದ ಎತ್ತಿದವರು ಅಂಕಿತ ಮುಟ್ಟಿಸದೆ ಏಳುವುದಿಲ್ಲ. ಅವರು ಹಾಡುವ ಮೊದಲು ಹಿಮ್ಮೇಳದವರು ಅದಕ್ಕೆ ಬಾಯಿ ಹಾಕುವುದಿಲ್ಲ. ಅಕ್ಕ ಅಂಕಿತ ಹಾಡಿದಳು. ಏಳು ನಿಮಿಷವಾಗಿತ್ತು. ಬೆಚ್ಚನೆಯ ನೀರು ಕುಡಿದು ಲೋಟ ಕೆಳಗಿಟ್ಟಳು.

"ಮುಗೀತಲ್ಲ?"

ನಾನು ಕಿವಿಗೆ ಇಟ್ಟುಕೊಂಡು ಕೇಳಿದೆ. ಮೊದಲ ಸಾಲಿನಲ್ಲೇ ಶ್ರುತಿ ಇರಲಿಲ್ಲ. ಒಮ್ಮೆ ಬರುತ್ತಿತ್ತು, ಮತ್ತೆ ಅಳಿಸಿಹೋಗುತ್ತಿತ್ತು. ಅಕ್ಕನ ದನಿ ಸಾಲಿನ ಕೊನೆಗೆ ತೆಳ್ಳಗಾದಲ್ಲೆಲ್ಲ ಕತ್ತರಿ ಹಾಕಿದಂತೆ ತುಂಡಾಗಿತ್ತು. ಫೋನಿನಲ್ಲಿ ಸದ್ದುಗದ್ದಲ ತೆಗೆದುಹಾಕುವ ಒಂದು ಸೌಲಭ್ಯ ತಾನಾಗಿಯೇ ಚಾಲೂ ಇತ್ತು. ಒಂದೇ ಸಮನೆ ನುಡಿಯುವ ಶ್ರುತಿಯನ್ನು ಅದು ಫ್ಯಾನಿನ ಸದ್ದೆಂದು ತಿಳಿದಿತ್ತು, ಅಕ್ಕನ ಒಡಕು ದನಿಯನ್ನೂ ಹಾಗೆಯೇ. ತೆಗೆದದ್ದನ್ನು ವಾಪಸು ತರುವ ದಾರಿ ಇರಲಿಲ್ಲ.

ಇನ್ನೂ ಕೇಳುತ್ತಿರುವವನಂತೆ ತಲೆ ಬಗ್ಗಿಸಿಕೊಂಡು ಅದೇ ಸಾಲನ್ನು ಮತ್ತೊಮ್ಮೆ ಹಚ್ಚಿದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನಾತು?"

"ಬಂದಿಲ್ಲ ಯಕ್ಕಾ."

"ನಾ ಬಂದಿಲ್ಲೋ, ಅದು ಬಂದಿಲ್ಲೋ?"

"ನೀ ಬರೋಬ್ಬರಿ ಬಂದೀದಿ. ಇದು ತಗೊಂಡಿಲ್ಲ."

ಸೊಸೆ ಬಾಗಿಲಿಗೆ ಬಂದು ನಿಂತಳು. "ಅತ್ತಿ, ಇವತ್ತಿಗಿ ಸಾಕ್ರಿ. ಡಾಕ್ಟರ್ ಏನ್ ಹೇಳ್ಯಾರ ಮರತ್ರೇನು? ನಾಳಿ ಬೇಕಾದ್ರ ಹಾಡ್ರಿ."

"ನಾಳಿ ಇಷ್ಟೂ ಇರಂಗಿಲ್ಲವಾ" ಅಂದಳು ಅಕ್ಕ. ಅಷ್ಟು ಹೇಳುವಾಗಲೇ ಅವಳ ದನಿ ಅರ್ಧಕ್ಕೆ ಇಳಿದಿತ್ತು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಮೊದಲ ನೀ ಅದನ್ನ ಸುಧಾರಿಸು. ಆಮ್ಯಾಲ ಕರಿ."

ಆ ಸೌಲಭ್ಯವನ್ನು ಹುಡುಕಿ ತೆಗೆದೆ. ಶ್ರುತಿ ಹಚ್ಚಿ, ನನ್ನ ದನಿಯಲ್ಲೇ ಒಂದು ಸಾಲು ಹಾಡಿ, ಕೇಳಿದೆ. ಫೋನು ಬಂದ್ ಮಾಡಿ ಮತ್ತೆ ಚಾಲೂ ಮಾಡಿ ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಕೇಳಿದೆ. ಮೂರನೆಯ ಸಲವೂ ಸರಿಯಾಗಿ ಬಂದ ಮೇಲೆ ಅಕ್ಕನನ್ನು ಕರೆದೆ. ಅವಳಿಗೆ ಸುಲಭವಾಗಲೆಂದು ಹಾರ್ಮೋನಿಯಮ್ಮಿನ ಎರಡನೆಯ ಕರಿ ಮನೆಯಿಂದ ಮೊದಲ ಬಿಳಿ ಮನೆಗೆ ಶ್ರುತಿ ಇಳಿಸಿದೆ. ಅವಳು ಅದನ್ನು ಗಮನಿಸಿ, ಮೈಕಿನ ಮುಂದೆ ಸರಿದು ಕುಳಿತಳು.

ಈ ಸಲ ಪಲ್ಲವಿ ಮೆಲ್ಲಗೆ ಬಂತು. ಮೊದಲ ನುಡಿ ಬಂತು. ನಾನು ಪ್ರತಿ ಸಾಲನ್ನೂ ಎತ್ತಿಕೊಂಡು ಎಳೆದು ಹಾಡಿದೆ, ಅವಳಿಗೆ ಉಸಿರಿಗೆ ಇನ್ನಷ್ಟು ಹೊತ್ತು ಸಿಗಲೆಂದು. ಎರಡು, ಮೂರು, ನಾಲ್ಕು ನುಡಿ ದಾಟಿದವು. ಐದನೆಯ ನುಡಿಯ ಎರಡು ಸಾಲು ದಾಟಿದವು. ಇನ್ನು ಉಳಿದದ್ದು ಅಂಕಿತ.

ಅಕ್ಕ ಉಸಿರು ತೆಗೆದುಕೊಂಡು ಬಾಯಿ ತೆರೆದಳು. ಬರೀ ಗಾಳಿ ಬಂತು.

ನಾನು ಹಾರ್ಮೋನಿಯಂ ಬಿಡಲಿಲ್ಲ, ಷಡ್ಜ ಹಿಡಿದೇ ಇದ್ದೆ. ಅವಳು ಮತ್ತೊಮ್ಮೆ ಉಸಿರು ತೆಗೆದುಕೊಂಡಳು. ಮತ್ತೆ ಗಾಳಿ. ಕುತ್ತಿಗೆಯ ನರ ಎದ್ದು ನಿಂತಿತ್ತು. ಸಾಲು ನನ್ನ ಬಾಯಲ್ಲಿತ್ತು, ಆದರೆ ಅದನ್ನು ನಾನು ಎತ್ತುವಂತಿರಲಿಲ್ಲ. ಬಾಗಿಲಲ್ಲಿ ಸೊಸೆ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಕ್ಕ ನನ್ನತ್ತ ನೋಡಲಿಲ್ಲ. ಕೈ ಚಾಚಿ ನನ್ನ ಮೊಣಕಾಲಿನ ಮೇಲಿಟ್ಟು ಒಮ್ಮೆ ಗಟ್ಟಿಯಾಗಿ ಒತ್ತಿದಳು.

ನಾನು ಅಂಕಿತ ಹಾಡಿದೆ. ಅವಳ ತುಟಿ ನನ್ನ ಜೊತೆಗೇ ಆಡುತ್ತಿತ್ತು.

ಅಫಜಲಪುರಕ್ಕೆ ಬಂದು ಕೇಳಿದಾಗ ಎಲ್ಲವೂ ಇತ್ತು. ಅವಳ ಹಿಂದೆ ನಾನು ಎತ್ತಿಕೊಂಡ ಕೊನೆಯ ಸಾಲಿಗೂ ನನ್ನ ಅಂಕಿತಕ್ಕೂ ನಡುವೆ ಹನ್ನೊಂದು ಸೆಕೆಂಡು. ಅದರಲ್ಲಿ ಹಾರ್ಮೋನಿಯಮ್ಮಿನ ಒಂದೇ ಸ್ವರ, ಅಕ್ಕನ ಎರಡು ಉಸಿರು, ಅವಳ ಬಳೆಯ ಸಣ್ಣ ಸದ್ದು. ಗುರುವಾರದವರೆಗೆ ಆ ಹನ್ನೊಂದು ಸೆಕೆಂಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಹಾಡಿಗಿಂತ ಅದೇ ದೊಡ್ಡದೆಂದು ನನಗೆ ಅನ್ನಿಸತೊಡಗಿತ್ತು. ಮೂರು ಕಡೆ ಪ್ರತಿ ಮಾಡಿಟ್ಟೆ.

ಆಪರೇಷನ್ ಆಯಿತು. ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲವೆಂದು ವರದಿ ಬಂತು. ದನಿ ಹೇಗಿರುತ್ತದೆಂದು ಈಗಲೇ ಹೇಳಲಾಗದು, ಸದ್ಯಕ್ಕೆ ಪಿಸುಮಾತೂ ಬೇಡ ಎಂದರು. ಅಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು ಬರೆದು ತೋರಿಸತೊಡಗಿದಳು. ಮೂರನೆಯ ವಾರ ನಾನು ಹಾಡು ತೆಗೆದುಕೊಂಡು ಹೋದೆ. ಹಾರ್ಮೋನಿಯಮ್ಮನ್ನೂ ಒಯ್ದಿದ್ದೆ, ಯಾಕೆಂದು ನನಗೇ ಸ್ಪಷ್ಟವಿರಲಿಲ್ಲ. ಸೊಸೆಯೂ ಬಂದು ಕುಳಿತಳು.

ಅಕ್ಕ ಕಣ್ಣು ಮುಚ್ಚಿ ಕೇಳಿದಳು. ಐದನೆಯ ನುಡಿಯ ಎರಡು ಸಾಲಾದ ಮೇಲೆ ಕಣ್ಣು ತೆರೆದು ನಿಲ್ಲಿಸೆಂದು ಕೈ ಎತ್ತಿದಳು. ನೋಟ್‌ಬುಕ್ಕಿನಲ್ಲಿ ಬರೆದಳು: "ಇದನ್ನ ತೆಗಿ."

"ಇರ್ಲಿ ಯಕ್ಕಾ. ಖರೇ ನಡದದ್ದು ಅದೇ ಅಲ್ಲೇನು?"

ಅವಳು ಬಹಳ ಹೊತ್ತು ಬರೆದಳು. ಹಾಳೆ ಹರಿದು ನನ್ನ ಕೈಗೆ ಕೊಟ್ಟಳು. "ಅದು ನೀ ಅಳಾಕ ಇಟಗೊಂಡೀದಿ. ಈಕಿ ಈ ಪದ ಕಲೀತೇನಿ ಅಂತಾಳ. ಕಲಿಯೋರಿಗಿ ಅದೇನು ಕೆಲಸಕ್ಕ ಬರ್ತದ? ಪದ ನಡುವ ನಿಂದರಬಾರದು."

ಸೊಸೆ ನೆಲ ನೋಡುತ್ತಿದ್ದಳು. "ನಮ್ಮ ಅತ್ತಿ ಹೇಳಿಕೊಟ್ರ ಕಲೀತೇನ್ರಿ" ಅಂದಳು.

ತೆಗೆಯುವುದು ಬೆರಳಿನ ಕೆಲಸ. ಆದರೆ ತಾಳ ತಪ್ಪದಂತೆ ತೆಗೆಯಬೇಕು. ಹಿಂದಿನ ಸಾಲು ಮುಗಿದ ತಾಳಕ್ಕೇ ಅಂಕಿತ ಬಂದು ಕೂಡಬೇಕು. ಎರಡು ಸಲ ತಪ್ಪಿತು. ಮೂರನೆಯ ಸಲ ಕೂಡಿತು. ಐದನೆಯ ನುಡಿಯಿಂದ ಮತ್ತೆ ಹಚ್ಚಿದೆ. ಅಕ್ಕ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಬೆಸುಗೆ ಬಂದಾಗ ಬೆರಳು ನಿಲ್ಲಲಿಲ್ಲ, ಹಾಗೆಯೇ ದಾಟಿಹೋಯಿತು. ಆಮೇಲೆ ನನ್ನ ಅಂಕಿತ ಬಂತು. ಅವಳು ಮುಖ ಹಿಂಡಿದಳು. ಪೆನ್ನು ತೆಗೆದುಕೊಂಡಳು.

"ನಿಂದು ಸ್ವರಕ್ಕ ಕುಂತಿಲ್ಲ. ಅಂಕಿತ ಮತ್ತ ಹಾಡು."

ನಾನು ಹಾರ್ಮೋನಿಯಂ ಮುಂದೆಳೆದುಕೊಂಡೆ. ಸೊಸೆ ಎದ್ದು ಫ್ಯಾನು ಬಂದ್ ಮಾಡಿದಳು.