ಗಟ್ಟಿಯೋ, ಮೆತ್ತಗೋ

ಈಚೆಗೆ ನನಗೊಂದು ಚಾಳಿ ಹತ್ತಿದೆ. ರಸ್ತೆ ಬದಿಯಲ್ಲಿ ಯಾವುದಾದರೂ ಕಾರು ನಿಂತಿದ್ದರೆ, ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಬಗ್ಗಿ ಅದರ ಚಕ್ರದ ಹಿಂದೆ ಇಣುಕುತ್ತೇನೆ. ಮೊನ್ನೆ ಚನ್ನಪಟ್ಟಣದ ಬಸ್ ನಿಲ್ದಾಣದ ಹತ್ತಿರ ಹೀಗೆ ಬಗ್ಗಿದ್ದಾಗ ಹೂವು ಮಾರುವ ಹೆಂಗಸೊಬ್ಬರು, "ಏನ್ ಬಿತ್ತಣ್ಣ?" ಎಂದು ಕೇಳಿದರು.

"ಏನೂ ಬಿದ್ದಿಲ್ಲಮ್ಮ, ಸ್ಪ್ರಿಂಗು ನೋಡ್ತಿದ್ದೆ" ಎಂದೆ.

ಆಕೆ ಒಂದು ಗಳಿಗೆ ನನ್ನ ಮುಖ ನೋಡಿ, "ಪಾಪ" ಎಂದು ಮತ್ತೆ ಹೂವು ಕಟ್ಟತೊಡಗಿದರು. ಹೆಂಡತಿ ತೀರಿಕೊಂಡ ಗಂಡಸು ಏನು ಮಾಡಿದರೂ ಊರು ಪಾಪ ಎನ್ನುತ್ತದೆ. ಅದೊಂದು ಅನುಕೂಲವೇ ಸರಿ.

ನನ್ನದು ಬಣ್ಣದ ಬೊಂಬೆಗಳ ಅಂಗಡಿ, ಹಳೆಯ ಮೈಸೂರು ರಸ್ತೆಯ ಮೇಲೆ. ಕೂತು ವ್ಯಾಪಾರ ಮಾಡಿ ಮಾಡಿ ಸೊಂಟ ಕೆಟ್ಟಿರುವ ನನ್ನಂಥವನ ಮನೆಯ ಮುಂದೆ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ನಿಂತಿರುವುದನ್ನು ಕಂಡವರು, ಯಾರೋ ನೆಂಟರು ಬಂದಿರಬೇಕು ಎಂದುಕೊಳ್ಳುತ್ತಾರೆ. ಕಾರು ನನ್ನ ಹೆಂಡತಿ ರತ್ನಳದು. ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ಹುಟ್ಟಿ, ಲಂಗ ತೊಡುವ ವಯಸ್ಸಿಗೇ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು. ಬೆಂಗಳೂರಿನಲ್ಲಿ ಯಾರೋ ಮಾರಲಿಟ್ಟಿದ್ದ ಈ ಹಳೆ ಕಾರನ್ನು ಅವಳು ಕೊಂಡು ತಂದ ದಿನ ನಾನು, "ಹಿಂದಿನ ಸೀಟು ಎಲ್ಲಿ?" ಎಂದು ಕೇಳಿದ್ದೆ. "ಹಿಂದೆ ಕೂರೋಕೆ ನಮ್ಗೆ ಯಾರಿದಾರೆ?" ಎಂದಿದ್ದಳು. ನಮಗೆ ಮಕ್ಕಳಿಲ್ಲ. ಅದನ್ನು ಅವಳು ಅಷ್ಟು ಹಗುರಾಗಿ ಹೇಳಿದ್ದು ಅದೇ ಮೊದಲು.

ಹೊಸ ಹೆದ್ದಾರಿ ಊರ ಹೊರಗಿನಿಂದ ಹಾದುಹೋದಾಗ ನಮ್ಮ ಗಿರಾಕಿಗಳೆಲ್ಲ ಅದರ ಜೊತೆಗೇ ಹೋದರು. ಮರದ ಕುದುರೆ, ಬುಗುರಿ, ಗಿಲಕಿಗಳನ್ನು ಮುಂದಿಟ್ಟುಕೊಂಡು ನಾನು ಆ ರಸ್ತೆಯನ್ನು ಶಪಿಸುತ್ತಿದ್ದೆ. ರತ್ನ ಮಾತ್ರ, "ಹೋಗ್ಲಿ ಬುಡಿ, ಹಳೇ ರೋಡು ಖಾಲಿ ಆಯ್ತು" ಎಂದು ಕಾರಿನ ಕೀಲಿ ಎತ್ತಿಕೊಂಡಳು. ಒಂದೇ ರಸ್ತೆ ಒಬ್ಬನಿಗೆ ನಷ್ಟವೂ ಇನ್ನೊಬ್ಬಳಿಗೆ ಬಳುವಳಿಯೂ ಆಗುವುದನ್ನು ನಾನು ಒಂದೇ ಮನೆಯೊಳಗೆ ನೋಡಿದೆ.

ಅಂಗಡಿ ತೆರೆಯುವ ಮೊದಲು, ಬೆಳಗಿನ ಹೊತ್ತು, ನಾವು ಹೊರಡುತ್ತಿದ್ದೆವು. ರಾಮನಗರ ದಾಟಿ ಮಾಗಡಿ ರಸ್ತೆಗೆ ತಿರುಗಿದರೆ ಮಂಜು. ಆ ಮಂಜಿನಲ್ಲಿ ನಮ್ಮ ಬಂಡೆಬೆಟ್ಟಗಳು ಬುಡವಿಲ್ಲದೆ ತೇಲುತ್ತಿರುತ್ತವೆ. ಒಂದು ಹತ್ತಿರ ಬರುತ್ತದೆ, ಇನ್ನೊಂದು ದೂರ ಸರಿಯುತ್ತದೆ, ಓಡುತ್ತಿರುವುದು ನಾವೋ ಅವೋ ತಿಳಿಯುವುದಿಲ್ಲ. ನಾನು ಎಡಗಡೆ ಸೀಟಿನಲ್ಲಿ ಅರೆನಿದ್ದೆಯಲ್ಲಿರುತ್ತಿದ್ದೆ. ರತ್ನ ಮಾತಾಡುತ್ತಿರಲಿಲ್ಲ. ತಿರುವು ಬಂದಾಗ ಅವಳ ಬಾಯಿಂದ ಸಣ್ಣದೊಂದು "ಹ್ಞಾ" ಹೊರಡುತ್ತಿತ್ತು, ಬಿಸಿ ಹಾಲಿನ ಮೊದಲ ಗುಟುಕು ಕುಡಿದವರ ಹಾಗೆ. ಆ ಕನಸಿನಿಂದ ನನ್ನನ್ನು ಎಬ್ಬಿಸುತ್ತಿದ್ದದ್ದು ಒಂದೇ: ರಸ್ತೆಯುಬ್ಬು, ನಮ್ಮ ಬಾಯಲ್ಲಿ ಹಂಪು.

ನಮ್ಮ ಕಡೆ ಊರೆಂದರೆ ಹಂಪು. ಶಾಲೆಗೊಂದು, ಗುಡಿಗೊಂದು, ಮಸೀದಿಗೊಂದು, ಡೇರಿಗೊಂದು, ಯಾವುದೂ ಇಲ್ಲದ ಕಡೆ ಯಾವುದೂ ಇಲ್ಲವೆಂಬ ಬೇಸರಕ್ಕೊಂದು. ಪ್ರತಿ ಹಂಪಿಗೂ ನಾನು "ಅಯ್ಯೋ" ಎನ್ನುತ್ತಿದ್ದೆ. ಪ್ರತಿ ಸಲವೂ ರತ್ನ ನಿಜವಾಗಿ ಬೆರಗಾದವಳಂತೆ, "ಏನಾಯ್ತು?" ಎನ್ನುತ್ತಿದ್ದಳು. ಆ "ಏನಾಯ್ತು" ಕೇಳಿದಾಗಲೆಲ್ಲ ನನಗೆ ಅನಿಸುತ್ತಿತ್ತು: ಈ ಹೆಂಗಸಿಗೆ ನನ್ನ ಸೊಂಟದ ಮೇಲೆ ಕರುಣೆಯೇ ಇಲ್ಲ.

ಹೀಗಿರುವಾಗ ಕಾರಿನ ಸಸ್ಪೆನ್ಷನ್, ಅಂದರೆ ಚಕ್ರದ ಹಿಂದಿನ ಸ್ಪ್ರಿಂಗು ಗಿಂಗೆಲ್ಲ, ಸೋತಿತು. ಹಂಪು ದಾಟಿದ ಮೇಲೂ ಕಾರು ಹೂಂ ಹೂಂ ಎಂದು ತಲೆಯಾಡಿಸುತ್ತಲೇ ಇರುತ್ತಿತ್ತು. ಹೊಸದು ಹಾಕಿಸಲೇಬೇಕು, ಆದರೆ ಯಾವುದು? ರತ್ನಳಿಗೆ ಗಟ್ಟಿಯದು ಬೇಕು, ಕಾರು ನೆಲಕ್ಕೆ ಇನ್ನಷ್ಟು ಹತ್ತಿರವಾಗಿ ಕೂರಬೇಕು, ತಿರುವಿನಲ್ಲಿ ಒಂದಿಷ್ಟೂ ವಾಲಬಾರದು. ನನಗೆ ಮೆತ್ತನೆಯದು ಬೇಕು, ಕಂಪನಿಯವರು ಇಟ್ಟ ಎತ್ತರದಲ್ಲೇ ಇರಬೇಕು. "ನಿಮ್ಗೆ ಬೇಕಾಗಿರೋದು ಕಾರಲ್ಲ, ಉಯ್ಯಾಲೆ" ಎಂದು ಅವಳು. "ನಿಂಗೆ ಬೇಕಾಗಿರೋದು ಕಾರಲ್ಲ, ರಾಗಿಕಲ್ಲು" ಎಂದು ನಾನು. ಊಟಕ್ಕೆ ಕೂತರೆ ಇದೇ, ಸಂತೆಗೆ ಹೋದರೆ ಇದೇ. ನನಗೆ ಆ ಜಗಳ ಇಷ್ಟವಾಗಿತ್ತೆಂದು ಆಗ ಗೊತ್ತಿರಲಿಲ್ಲ.

ಹೋದ ವರ್ಷ ಮಳೆಗಾಲದಲ್ಲಿ ಜ್ವರವೆಂದು ಮಲಗಿದ ರತ್ನ ಏಳಲಿಲ್ಲ. ಕಾರಿಗೂ ಅವಳ ಸಾವಿಗೂ ಸಂಬಂಧವಿಲ್ಲ. ಕೇಳುವವರು ಇರುತ್ತಾರೆಂದು ಹೇಳುತ್ತಿದ್ದೇನೆ. ವಾದ ಅಲ್ಲಿಗೆ ನಿಂತಿತು. ಎದುರು ಪಕ್ಷವೇ ಹಾಜರಿಲ್ಲದ ಮೇಲೆ ನಾನೇ ಗೆದ್ದಂತೆ. ಹಾಗೆ ಗೆದ್ದವನು ಮನೆಯಲ್ಲಿ ಒಬ್ಬನೇ ಕೂತು ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ತಿಥಿಯ ದಿನ ರತ್ನಳ ತಾಯಿ, ನಮ್ಮ ಅತ್ತೆ, ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. "ಅಳಿಯಂದ್ರೇ, ಇದ್ರಲ್ಲಿ ನನ್ನ ಕಬ್ಬಾಳಮ್ಮನ ತಾವ ಕರ್ಕೊಂಡೋಯ್ತೀನಿ ಅಂತ್ಲೇ ಇದ್ಲು ಮಗಳು. ನೀವಾದ್ರೂ ಒಂದ್ಸಲ ಕೂರ್ಸ್ಕೊಂಡೋಗಿ" ಎಂದರು. ಆಗಲಿ ಎಂದೆ. ಆದರೆ ತಲೆಯಾಡಿಸುವ ಕಾರಿನಲ್ಲಿ ಮುದುಕಿಯನ್ನು ಕಬ್ಬಾಳಿನ ಆ ಗುಡಿಯವರೆಗೆ ಹೇಗೆ ಕರೆದೊಯ್ಯುವುದು? ಗಟ್ಟಿಯೋ, ಮೆತ್ತಗೋ, ಈಗ ನಾನು ತೀರ್ಮಾನಿಸಲೇಬೇಕಾಯಿತು. ಗಟ್ಟಿ ಎಂದರೆ ಅವಳ ಆಸೆ ತೀರಿಸಿದಂತೆ, ನನ್ನ ಸೊಂಟ ಮುರಿದಂತೆ. ಮೆತ್ತಗೆ ಎಂದರೆ ಸತ್ತವಳ ಮಾತು ಮೀರಿದಂತೆ.

ಹಾಗಾಗಿ ಅಧ್ಯಯನಕ್ಕೆ ಇಳಿದೆ. ಫೋನಿನಲ್ಲಿ ಓದಿದೆ, ಕಂಡವರ ಕಾರಿನಡಿ ಬಗ್ಗಿದೆ. ನನಗೆ ತಿಳಿದಷ್ಟು ಇಷ್ಟೇ: ಭಾರ ಹೊರುವುದು ಸ್ಪ್ರಿಂಗು, ಅದರ ಕುಣಿತ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಹೆಸರು ನೋಡಿದರೆ ಅದು ಏಟನ್ನು ನುಂಗುತ್ತದೆ ಎನಿಸುತ್ತದೆ. ಇಲ್ಲ, ಏಟು ತಿನ್ನುವುದು ಸ್ಪ್ರಿಂಗೇ. ಏಟು ಮುಗಿದ ಮೇಲೂ ಸ್ಪ್ರಿಂಗು ಮತ್ತೆ ಮತ್ತೆ ಅದನ್ನೇ ನೆನೆಸಿಕೊಂಡು ಜಿಗಿಯುತ್ತದಲ್ಲ, ಆಗ "ಆಯ್ತು, ಸಾಕು" ಎನ್ನುವುದು ಮಾತ್ರ ಶಾಕ್ ಅಬ್ಸಾರ್ಬರ್.

ಯೋಚಿಸಿದರೆ ಈ ಅಪ್‌ಗ್ರೇಡು ಹೊಸದೇನಲ್ಲ. ನಮ್ಮಜ್ಜ ಎತ್ತಿನ ಗಾಡಿಗೆ ದಪ್ಪಗೆ ಹುಲ್ಲು ಹಾಸಿ ಅಜ್ಜಿಯನ್ನು ಕೂರಿಸುತ್ತಿದ್ದರು. ಗಾಡಿ ಮಾಡಿದ ಬಡಗಿ ಕೊಡದೆ ಇದ್ದದ್ದನ್ನು ಅವರೇ ಹಾಕಿಕೊಂಡರು. ಊರು ತಲುಪಿದ ಮೇಲೆ ಎತ್ತುಗಳು ಸಸ್ಪೆನ್ಷನ್ನನ್ನು ತಿಂದುಬಿಡುತ್ತಿದ್ದವು. ಅಂಥ ಅನುಕೂಲ ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನನ್ನ ಅಂಗಡಿಯ ತೂಗಾಡುವ ಮರದ ಕುದುರೆಯದೂ ಇದೇ ಕಷ್ಟ. ಕೆಳಗಿನ ಪಟ್ಟಿ ಚಪ್ಪಟೆಯಾದರೆ ಕುದುರೆ ತೂಗುವುದಿಲ್ಲ, ಹೆಚ್ಚು ಬಾಗಿದರೆ ಮಗು ಮಗುಚಿ ಬೀಳುತ್ತದೆ. ಎರಡರ ನಡುವೆ ಎಲ್ಲೋ ಸುಖ ಇದೆ. ಆದರೆ ಎಲ್ಲಿ ಎಂದು ಕುದುರೆ ಹೇಳುವುದಿಲ್ಲ, ಮಗು ಹೇಳಬೇಕು.

ಕಾರಿನ ಮೆಕ್ಯಾನಿಕ್ ಇಮ್ತಿಯಾಜ್ ರಾಮನಗರದವನು. ಅವನ ಮನೆಯವರೆಲ್ಲ ರೇಷ್ಮೆ ನೂಲು ತೆಗೆಯುವವರು. ಇವನೊಬ್ಬ ಎಣ್ಣೆಗೆ ಕೈ ಹಾಕಿದ. ರತ್ನಳನ್ನು ಅಕ್ಕ ಎನ್ನುತ್ತಿದ್ದ, ವಾದದಲ್ಲಿ ಯಾವಾಗಲೂ ಅಕ್ಕನ ಪಕ್ಷ. ನಾನು ಬಹಳ ಯೋಚಿಸಿ ಅವನ ಮುಂದೆ ನನ್ನ ಪರಿಹಾರ ಇಟ್ಟೆ. "ಬಲಗಡೆ ಎರಡು ಚಕ್ರಕ್ಕೆ ಗಟ್ಟಿದು ಹಾಕು, ಎಡಗಡೆ ಎರಡಕ್ಕೆ ಮೆತ್ತಂದು. ಅವಳ ಕಡೆ ಅವಳದು, ನನ್ನ ಕಡೆ ನನ್ನದು."

ಇಮ್ತಿಯಾಜ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಅಣ್ಣ, ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂದಂಗಾಯ್ತದೆ. ಬ್ರೇಕ್ ಹಾಕಿದ್ರೆ ಸೀದಾ ಕೆರೆಗೋಯ್ತೀರ."

"ನಮ್ಮ ಸಂಸಾರ ಇಷ್ಟು ವರ್ಷ ಹಂಗೇ ನಡೀತಲ್ಲಪ್ಪ?"

"ಅದು ಸಂಸಾರ ಅಣ್ಣ. ಇದು ಕಾರು."

ಆಮೇಲೆ ಅವನೇ ಒಂದು ದಾರಿ ಹೇಳಿದ. ನಮ್ಮದೇ ಬಗೆಯ ಕಾರೊಂದು ಅವನ ಗ್ಯಾರೇಜಿಗೆ ಬಂದಿತ್ತು, ರತ್ನ ಕೇಳಿದ್ದಂಥ ಗಟ್ಟಿ ಸೆಟ್ಟು ಹಾಕಿಸಿಕೊಂಡು. "ಅವ್ರನ್ನ ಕೇಳಿವ್ನಿ, ಒಂದ್ ರೌಂಡ್ ಹೋಗ್ ಬನ್ನಿ ಅಂದವ್ರೆ. ಓಡ್ಸಿ ನೋಡಿ. ಆಮೇಲ್ ನೀವೇ ಅಕ್ಕನ್ ಮಾತೇ ಸರಿ ಅಂತೀರ."

ಅಂಗಡಿಯ ವ್ಯಾನು ಓಡಿಸಿದವನೇ ಹೊರತು ನಾನು ಇಂಥ ಕಾರಿನ ಬಲಗಡೆ ಎಂದೂ ಕೂತವನಲ್ಲ. ರತ್ನ ಬಿಡಲಿಲ್ಲ ಎಂದಲ್ಲ, ನಾನು ಕೇಳಲಿಲ್ಲ. ಇಮ್ತಿಯಾಜ್ ಎಡಗಡೆ ಕೂತ. ಮಾಗಡಿ ರಸ್ತೆ ಹಿಡಿದೆವು. ಮೊದಲ ತಿರುವಿನಲ್ಲಿ ಕಾರು ಒಂದಿಷ್ಟೂ ವಾಲದೆ, ದಾರ ಹಿಡಿದು ಎಳೆದ ಹಾಗೆ, ಮೆಲ್ಲಗೆ ಬೆಟ್ಟವನ್ನು ಸುತ್ತಿತು. ನನ್ನ ಬಾಯಿಂದ ಏನೋ ಸಣ್ಣ ಸದ್ದು ಹೊರಟಿತು. ರಸ್ತೆ ಕೈಯೊಳಗೆ ಹರಿಯುತ್ತಿತ್ತು. ಬಂಡೆಗಳು ಅದೇ ಹಳೆಯ ಹಾಗೆ ತೇಲಿ ಬಂದವು, ಆದರೆ ಈಗ ಅವನ್ನು ನಾನೇ ಕರೆದು ನಾನೇ ಕಳಿಸುತ್ತಿದ್ದೆ. ಊರೊಂದು ಬಂತು, ಹಂಪು ಬಂತು, ದಾಟಿತು.

"ಯಾ ಅಲ್ಲಾ!" ಎಂದ ಇಮ್ತಿಯಾಜ್.

"ಏನಾಯ್ತು?" ಎಂದೆ.

"ಏನಾಯ್ತಾ? ಸೊಂಟ ಹೋಯ್ತಣ್ಣ! ನೋಡ್ಕೊಂಡ್ ಬುಡಿ ಒಸಿ!"

ನನಗೆ ನಿಜವಾಗಿಯೂ ಏನೂ ಆಗಿರಲಿಲ್ಲ. ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಓಡಿಸುವವನಿಗೆ ಹಂಪು ದೂರದಿಂದಲೇ ಕಾಣುತ್ತದೆ. ಕೈ ಬಿಗಿಯಾಗುತ್ತದೆ, ಕಾಲು ಬ್ರೇಕಿಗೆ ಹೋಗುತ್ತದೆ, ಮೈ ತನಗೆ ತಾನೇ ಸಿದ್ಧವಾಗುತ್ತದೆ. ಪಕ್ಕದವನು ಬೆಟ್ಟ ನೋಡುತ್ತ ಕೂತಿರುತ್ತಾನೆ, ಅವನಿಗೆ ಅದು ಇದ್ದಕ್ಕಿದ್ದಂತೆ ಬೀಳುವ ಏಟು. ಒಂದೇ ಕಾರು, ಒಂದೇ ಹಂಪು, ಒಂದೇ ಸ್ಪ್ರಿಂಗು. ಅಷ್ಟು ವರ್ಷ ನಾವಿಬ್ಬರು ಬೇರೆ ಬೇರೆ ರಸ್ತೆಯಲ್ಲಿ ಹೋಗುತ್ತಿದ್ದೆವು. ಅವಳು ಕರುಣೆಯಿಲ್ಲದೆ ಕೇಳಿದ್ದಲ್ಲ. ಏನಾಯಿತೆಂದು ಅವಳಿಗೆ ಗೊತ್ತೇ ಆಗುತ್ತಿರಲಿಲ್ಲ.

ಇಮ್ತಿಯಾಜ್ ಸೊಂಟ ಉಜ್ಜಿಕೊಳ್ಳುತ್ತಿದ್ದ. "ಇಷ್ಟ್ ಕಾರು ಓಡ್ಸಿವ್ನಿ, ಈ ಕಡೆ ಕೂತೇ ಇರ್ಲಿಲ್ಲ ನೋಡಿ. ಹಾಕೋಣ್ವಾ ಅಣ್ಣ, ಗಟ್ಟಿದು? ಈಗ್ ಹೆಂಗೂ ನೀವ್ ಈ ಕಡೆ ಕೂರಲ್ವಲ್ಲ."

ಅವನು ಹೇಳಿದ್ದು ಸರಿಯಾಗಿತ್ತು. ಇನ್ನು ಮೇಲೆ ಎಡಗಡೆ ನಾನು ಕೂರುವುದಿಲ್ಲ. ನನ್ನ ಸೊಂಟದ ತಕರಾರು ಅಲ್ಲಿಗೆ ಬಿದ್ದುಹೋಯಿತು. ಗಟ್ಟಿಯದು ಹಾಕಿಸಿದರೆ ರತ್ನಳ ಆಸೆಯೂ ತೀರುತ್ತದೆ, ನನಗೂ ಆ ತಿರುವು ಸಿಗುತ್ತದೆ. ಆಗಲಿ ಎಂದುಬಿಡುತ್ತಿದ್ದೆ, ಅಷ್ಟರಲ್ಲಿ ಆ ಎಡಗಡೆ ಸೀಟಿನಲ್ಲಿ ಕೂರಬೇಕಾದ ಅತ್ತೆಯ ಸಣಕಲು ಮೈ ಕಣ್ಣ ಮುಂದೆ ಬಂತು.

"ಮೆತ್ತಂದೇ ಹಾಕು. ಎತ್ತರ ಇದ್ದಷ್ಟೇ ಇರ್ಲಿ" ಎಂದೆ. "ಅಕ್ಕ ಬೈತಾಳೆ" ಎಂದ.

ಕಳೆದ ವಾರ ಅತ್ತೆ ಚನ್ನಪಟ್ಟಣಕ್ಕೆ ಬಂದರು. ಬೆಳಿಗ್ಗೆ ಇಬ್ಬರೂ ಕಬ್ಬಾಳಿಗೆ ಹೊರಟೆವು. ಹೊಸ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರ್, ಸವೆದಿದ್ದ ರಬ್ಬರ್ ಬುಷ್ಷುಗಳೂ ಹೊಸವು. ಕಾರು ಹಂಪಿಗೆ ಒಮ್ಮೆ ತಲೆಬಾಗಿ, ಅಲ್ಲಿಗೆ ಮರೆತು, ಮುಂದೆ ಹೋಗುತ್ತಿತ್ತು. "ಮಗಳು ಇದ್ನ ಇಷ್ಟ್ ಮೆತ್ತಗ್ ಇಟ್ಕೊಂಡಿದ್ಲಾ?" ಎಂದರು ಅತ್ತೆ. ಹೂಂ ಎಂದೆ. ಸಾತನೂರು ಬರುವಷ್ಟರಲ್ಲಿ ಅವರು ಬಾಯಿ ಸ್ವಲ್ಪ ತೆರೆದು, ಮಗುವಿನ ಹಾಗೆ ನಿದ್ದೆ ಹೋಗಿದ್ದರು.

ಮುಂದೊಂದು ಒಳ್ಳೆಯ ತಿರುವು ಬಂತು. ಕಾರು ಒಂದಿಷ್ಟು ವಾಲಿತು. ಗಟ್ಟಿಯದು ಹಾಕಿಸಿದ್ದರೆ ವಾಲುತ್ತಿರಲಿಲ್ಲ. ರತ್ನ ತಾನು ಕೇಳಿದ್ದನ್ನು ಪಡೆದು, ತೃಪ್ತಳಾಗಿ, ಸುಮ್ಮನಾಗಿಬಿಡುತ್ತಿದ್ದಳು. ಈಗ ಹಾಗಿಲ್ಲ. ಕಬ್ಬಾಳುದುರ್ಗದ ಬೆಟ್ಟ ಕಾಣುವವರೆಗೂ, ಒಂದೊಂದು ತಿರುವಿನಲ್ಲೂ, ಅವಳು ನನ್ನನ್ನು ಬೈಯುತ್ತಲೇ ಬಂದಳು. ನಾನೂ ಬಿಡಲಿಲ್ಲ, ಅತ್ತೆಗೆ ಎಚ್ಚರವಾಗದ ಹಾಗೆ, ಮೆಲ್ಲಗೆ, ಉತ್ತರ ಕೊಡುತ್ತಲೇ ಹೋದೆ.